ಆಯಿಯ ರಕ್ಷಣಾಪತ್ರ

ನಮ್ಮಪ್ಪನಿಗೆ ಲ್ಯಾಮಿನೇಶನ್ನಿನ ಹುಚ್ಚು. ತಾಲೂಕು ಕಚೇರಿಯಿಂದ ನಿವೃತ್ತನಾದ ಮೇಲೆ ರೇಶನ್ ಕಾರ್ಡು, ನನ್ನ ಮಾರ್ಕ್ಸ್ ಕಾರ್ಡು, ಕೊನೆಗೆ ಅಜ್ಜನ ಮರಣ ಪ್ರಮಾಣಪತ್ರವನ್ನೂ ಬಿಡಲಿಲ್ಲ. ಖಾನಾಪುರ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯವನು ಅಪ್ಪನನ್ನು ಕಂಡೊಡನೆ ಯಂತ್ರ ಕಾಯಲು ಇಡುತ್ತಿದ್ದ.

ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಮುದುಕಿ ಯೆಹೂದಿ. ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ನರ್ಸಾಗಿ ಬಂದವಳು ಇಲ್ಲೇ ಉಳಿದು, ನಮ್ಮ ಹಾಗೆಯೇ ಮಾತಾಡುತ್ತಿದ್ದಳು. ನಮಗೆಲ್ಲ ಆಕೆ ಆಯಿ, ಅಂದರೆ ಅಜ್ಜಿ. ಆ ಯುದ್ಧದ ಕಾಲಕ್ಕೆ ಅವಳ ಹುಟ್ಟೂರು ಬುಡಾಪೆಸ್ಟಿನಲ್ಲಿ ಯೆಹೂದಿಗಳನ್ನು ಹಿಡಿಹಿಡಿದು ಕೊಲ್ಲುತ್ತಿದ್ದಾಗ, ಯುದ್ಧಕ್ಕಿಳಿಯದ ದೇಶವೊಂದರ ರಾಯಭಾರ ಕಚೇರಿ ಅವಳಿಗೂ ಅವಳ ತಾಯಿಗೂ ಸೇರಿಸಿ ಒಂದು ರಕ್ಷಣಾಪತ್ರ ಕೊಟ್ಟಿತ್ತು. ಇವರು ನಮ್ಮ ಆಶ್ರಯದಲ್ಲಿದ್ದಾರೆ, ಮುಟ್ಟಬೇಡಿ ಎಂಬ ಕಾಗದ. ಒಂದು ದಿನ ತಾಯಿ ಅದನ್ನು ಮಗಳ ಕೈಗಿಟ್ಟು ಬ್ರೆಡ್ ತರಲು ಹೋದಳು. ಬೀದಿಯಲ್ಲೇ ಅವಳನ್ನು ಹಿಡಿದು, ನದಿಯ ದಂಡೆಗೆ ನಿಲ್ಲಿಸಿ ಗುಂಡು ಹೊಡೆದರು. ಕಾಗದ ಮಗಳನ್ನಷ್ಟೇ ಉಳಿಸಿತು. ಅದರ ಮೇಲಿದ್ದ ತಾಯಿ-ಮಗಳ ಫೋಟೊ ಬಿಟ್ಟರೆ ತಾಯಿಯ ಮುಖ ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಲ್ಲ.

ಎರಡು ಸಾವಿರದ ಆಸುಪಾಸು ಆಯಿಯ ಕಣ್ಣಿಗೆ ಪೊರೆ ಬಂತು. ಕಾಗದವನ್ನು ಮೂಗಿಗೆ ತಾಗಿಸಿ ಹಿಡಿದರೂ ತಾಯಿ ಕಾಣುತ್ತಿರಲಿಲ್ಲ.

"ಅವ್ವನ ಮಾರಿ ಒಮ್ಮಿ ನೋಡಬೇಕು ತಂಗಿ, ಅಷ್ಟ ಸಾಕು" ಎನ್ನುತ್ತಿದ್ದಳು.

ಅದಕ್ಕಾಗಿಯೇ ಆಪರೇಶನ್ನಿಗೆ ಒಪ್ಪಿದಳು. ಹೊರಡುವಾಗ ಕಾಗದವನ್ನು ಅಪ್ಪನ ಕೈಗೆ ಕೊಟ್ಟು ಜೋಪಾನ ಎಂದಳು. ಬೆಳಗಾವಿಯ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಈಗ ಬಲಗಣ್ಣು, ಮುಂದಿನ ತಿಂಗಳು ಎಡಗಣ್ಣು ಎಂದರು ಡಾಕ್ಟರು.

ಪಟ್ಟಿ ಬಿಚ್ಚಿಸಿಕೊಂಡು ಮರಳಿದಾಗ ಅಪ್ಪ ಬಾಗಿಲಲ್ಲೇ ಎದೆಯುಬ್ಬಿಸಿ ನಿಂತಿದ್ದ.

"ಮಡಿಕಿ ಹರದು ಹೊಂಟಿತ್ತಲ್ರೀ ಆಯಿ, ಲ್ಯಾಮಿನೇಶನ್ ಮಾಡಸೇನಿ. ಶಿಕ್ಕಾ, ಸಹಿ ಎಲ್ಲಾ ಬರೋಬ್ಬರಿ ಅದಾವು ನೋಡ್ರಿ."

ಮುದ್ರೆ, ಸಹಿ ಲಕಲಕ ಹೊಳೆಯುತ್ತಿದ್ದವು, ಖರೆ. ಜನ್ಮವೆಲ್ಲ ಕಚೇರಿಯಲ್ಲಿ ಸವೆಸಿದವನ ಕಣ್ಣಿಗೆ ಬಿದ್ದದ್ದು ಅವೆರಡೇ. ಹಳೆಯ ಫೋಟೊ ಯಂತ್ರದ ಶಾಖಕ್ಕೆ ಗುಳ್ಳೆ ಎದ್ದಿತ್ತು. ತಾಯಿಯ ಮುಖವಿದ್ದ ಕಡೆ ಸುಕ್ಕುಗಟ್ಟಿದ ಕಪ್ಪು ಕಲೆ. ಪಕ್ಕದ ಪುಟ್ಟ ಹುಡುಗಿ ಮಾತ್ರ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಳು. ಅಪ್ಪನ ಕೆನ್ನೆಗೆ ಬಾರಿಸಬೇಕೆನಿಸಿತು. ಇವತ್ತಿಗೂ ಅನಿಸುತ್ತದೆ.

ಆಯಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಉಗುರಿನಿಂದ ಪ್ಲಾಸ್ಟಿಕ್ ಕೆರೆದಳು. ಡಾಕ್ಟರ ಕೈಗುಣ ಚೆನ್ನಾಗಿತ್ತು, ಅವಳಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ನನ್ನ ಕಡೆ ತಿರುಗಿದಳು.

"ಡಾಕ್ಟರಿಗೆ ಹೇಳು ತಂಗಿ, ಇನ್ನೊಂದ ಕಣ್ಣ ಬ್ಯಾಡಂತ."