ಹೊಡೆಸಿಕೊಳ್ಳುವ ಟ್ಯಾಂಕು

ನಮ್ಮ ಭಾವ ಟ್ಯಾಂಕ್ ಮಾಡುತ್ತಾರೆ ಎಂದರೆ ಜನ ಮೊದಲು ಕೇಳುವುದು, ಎಷ್ಟು ಲೀಟರಿನದು ಎಂದು. ಯುದ್ಧದ ಟ್ಯಾಂಕು ಎಂದು ತಿದ್ದಿದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಮರದ್ದು ಎಂದ ಕೂಡಲೇ ಎಬ್ಬಿಸಿ, ಆ ಕುರ್ಚಿಯ ಮೇಲೆ ಬಟ್ಟೆ ಮಡಿಸಿಡುತ್ತಾರೆ.

ಭಾವ, ಅಂದರೆ ನಮ್ಮ ಅಕ್ಕನ ಗಂಡ, ಸೇನೆಯ ಕಾರ್ಖಾನೆಯಲ್ಲಿ ಬಡಗಿ. ಹಲಗೆ, ತಗಡು, ಕ್ಯಾನ್ವಾಸು ಸೇರಿಸಿ ಥೇಟ್ ಟ್ಯಾಂಕಿನಂತೆ ಕಾಣುವ ಬೊಂಬೆ ಕಟ್ಟುವುದು ಅವರ ಕೆಲಸ. ಶತ್ರು ಅದನ್ನೇ ನಂಬಿ ಬಾಂಬು ದಂಡ ಮಾಡಿಕೊಳ್ಳಬೇಕು, ಅಸಲಿ ಟ್ಯಾಂಕು ಪೊದೆಯಲ್ಲಿ ಕ್ಷೇಮವಾಗಿರಬೇಕು. ಮಾಡಿದ ವಸ್ತು ಪುಡಿಪುಡಿಯಾದಷ್ಟೂ ಹೆಸರು ಬರುವ ಬಡಗಿಯನ್ನು ನಾನು ಬೇರೆ ಕಂಡಿಲ್ಲ.

ಈಚೆಗೆ ಯುದ್ಧದ ರೀತಿಯೇ ಬದಲಾಯಿತಂತೆ. ಮೇಲೆ ಡ್ರೋನ್ ಹಾರುತ್ತದೆ. ಅದರ ಕ್ಯಾಮರಾಗೆ ಆಕಾರ, ಬಣ್ಣ ಸಾಲದು, ಶಾಖ ಬೇಕು. ಭಾವನ ಟ್ಯಾಂಕು ಅದರ ಕಣ್ಣಿಗೆ ಬರೀ ತಣ್ಣನೆಯ ಮಂಚ. ಮೇಲಧಿಕಾರಿ ಕರೆದು ಹೇಳಿಬಿಟ್ಟರು: ಡ್ರೋನಿಗೆ ಟೋಪಿ ಹಾಕುವ ಟ್ಯಾಂಕು ಮಾಡಿದರೆ ಸರಿ, ಇಲ್ಲವಾದರೆ ಮರಗೆಲಸದ ವಿಭಾಗಕ್ಕೇ ಬೀಗ; ಭಾವ ಗೇಟಿನಲ್ಲಿ ಕೂತು ಬಂದವರ ಚೀಲ ತಡಕಬೇಕು.

ಉಳಿ ಹಿಡಿದ ಕೈ ಊಟದ ಬುತ್ತಿ ತಡಕುವುದೆಂದರೆ ಭಾವನಿಗೆ ಅನ್ನ ಇಳಿಯಲಿಲ್ಲ.

“ಮರಕ್ಕೆ ಜ್ವರ ಬರ್ಸೋದು ಹೇಗಯ್ಯಾ?” ಎಂದು ನನ್ನನ್ನು ಕೇಳಿದರು. ನಾನು ತಿಳಿದವನೆಂಬ ತಪ್ಪು ಕಲ್ಪನೆ ಅವರಿಗೆ ಮೊದಲಿನಿಂದಲೂ ಇದೆ. ಅದನ್ನು ಕಾಪಾಡಿಕೊಳ್ಳಲು ಸೂರು ನೋಡುತ್ತಾ ಕೂತೆ.

“ಹೊಟ್ಟೆಗೆ ಬಿಸಿನೀರು ಹಾಕ್ರೀ. ನೆಗಡಿ ಆದಾಗ ನಿಮಗೂ ಅದನ್ನೇ ತಾನೇ ಮಾಡೋದು?” ಎಂದಳು ಅಕ್ಕ. ಅವಳು ಹೇಳಿದ್ದು ತಮಾಷೆಗೆ. ಮಾರನೆಯ ದಿನ ಬಚ್ಚಲಿನಲ್ಲಿ ನೀರು ಕಾಯಿಸುವ ಕಾಯಿಲ್ ನಾಪತ್ತೆ! ಮರದ ಟ್ಯಾಂಕಿನ ಒಳಗೊಂದು ಪೀಪಾಯಿ ಕೂತಿತು, ಪೀಪಾಯಿಯಲ್ಲಿ ನೀರು, ನೀರಿನಲ್ಲಿ ನಮ್ಮ ಕಾಯಿಲ್.

ಪರೀಕ್ಷೆಯ ದಿನ ಮೈದಾನದ ಈ ತುದಿಯಲ್ಲಿ ಭಾವನ ಟ್ಯಾಂಕು, ಆ ತುದಿಯ ನೆರಳಿನಲ್ಲಿ ಅಸಲಿ. ಯಾವುದು ಯಾವುದೆಂದು ಡ್ರೋನ್ ಹಾರಿಸುವ ಸಿಪಾಯಿಗೆ ಹೇಳಿರಲಿಲ್ಲ. ಅವನು ತೆರೆ ನೋಡಿ, “ಬಿಸಿ ಇರೋದು ಅಸಲಿ ಸಾರ್. ಆ ಕಡೇದು ಮರದ್ದು” ಎಂದ. ಪಾಪ, ಅಸಲಿ ಟ್ಯಾಂಕು ಎಂಜಿನ್ ಆರಿಸಿಕೊಂಡು ರಾತ್ರಿಯಿಂದ ತಣ್ಣಗೆ ನಿಂತಿತ್ತು.

ವಿಭಾಗ ಉಳಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಭಾವ ನೆಮ್ಮದಿಯಾಗಿರುತ್ತಿದ್ದರು. ಆದರೆ ಮೇಲಧಿಕಾರಿಗೆ ಹೊಸ ಯೋಚನೆ ಹೊಳೆಯಿತು: ನಕಲಿ ಎಂದುಕೊಂಡದ್ದಕ್ಕೆ ಯಾರೂ ಹೊಡೆಯುವುದಿಲ್ಲ, ಹಾಗಾದರೆ ಅಸಲಿ ಟ್ಯಾಂಕುಗಳಿಗೇ ಹಲಗೆ ತೊಡಿಸಿ, ಕಳಪೆ ನಕಲಿಯಂತೆ ಕಾಣುವ ಹಾಗೆ ಮಾಡಬೇಕು. ಶತ್ರುವೂ ಹೀಗೇ ಯೋಚಿಸಿ ಕಳಪೆಯಾಗಿ ಕಂಡದ್ದಕ್ಕೇ ಹೊಡೆದರೆ ಏನು ಗತಿ ಎಂದು ಭಾವ ಕೇಳಿದರಂತೆ. ಅಧಿಕಾರಿ, ಮೊದಲು ಚಹಾ ಕುಡಿಯೋಣ ಎಂದರಂತೆ.

ಅವತ್ತು ಸಂಜೆಯೂ ಭಾವ ತಟ್ಟೆಯ ಮುಂದೆ ಅನ್ನ ಕಲಸುತ್ತಲೇ ಕೂತರು. ಗೇಟು ತಪ್ಪಿತಲ್ಲ, ಇನ್ನೇನು ಎಂದೆ.

“ಇಷ್ಟು ದಿನ ನನ್ನ ಟ್ಯಾಂಕಿನೊಳಗೆ ಯಾರೂ ಇರ್ತಿರಲಿಲ್ಲ ಕಣಯ್ಯಾ. ಹೊಡೆದ್ರೆ ಖುಷಿ. ಇನ್ಮೇಲೆ ಒಳಗೆ ಸಿಪಾಯಿಗಳಿರ್ತಾರೆ. ಕೆಲಸ ಕೆಟ್ಟದಾಗಿ ಕಾಣ್ಬೇಕು, ಇಲ್ದಿದ್ರೆ ಅವರು ಉಳಿಯಲ್ಲ. ನನಗೆ ಕೆಟ್ಟದಾಗಿ ಮಾಡೋಕೆ ಬರೋದೇ ಇಲ್ವಲ್ಲ.”

ನನಗೆ ಬರುವ ಮರಗೆಲಸ ಅದೊಂದೇ. ತೋರಿಸಲೇ ಎಂದು ನಗುತ್ತಾ ಕೇಳಿದೆ. ಭಾವ ನಗಲಿಲ್ಲ. ಎದ್ದು ಹೋಗಿ ಒಂದು ಹಲಗೆ, ಸುತ್ತಿಗೆ, ಹಿಡಿ ಮೊಳೆ ತಂದು ನನ್ನ ಮುಂದಿಟ್ಟು, “ಎಲ್ಲಿ, ಹೊಡಿ” ಎಂದರು. ನಾನು ಸೊಟ್ಟಸೊಟ್ಟಗೆ ಹೊಡೆಯುತ್ತಾ ಹೋದೆ. ಅವರು ಕನ್ನಡಕ ಏರಿಸಿಕೊಂಡು, ಕಣ್ಣು ಮಿಟುಕಿಸದೆ ಕಲಿಯುತ್ತಾ ಕೂತರು.