ಮೊಳೆಗೆ ತೂಗಿದ್ದ ಮುಚ್ಚಳ

ಸೆಲ್ವಿ, ಕಾಮಸಮುದ್ರದ ಡೇರಿಯಲ್ಲಿ ಎಮ್ಮೆ ಹಾಲೆಲ್ಲ ಹಸುವಿನ ಹಾಲೆಂದು ದಾಖಲಾದದ್ದು ನಿನ್ನ ತಪ್ಪಿನಿಂದಲ್ಲ. ನನ್ನಿಂದ. ಅವತ್ತೇ ಹೇಳಬೇಕಿತ್ತು — ಹೇಳಲಿಲ್ಲ.

ಆಂಡರ್ಸನ್‌ಪೇಟೆಯ ಆ ಪುಟ್ಟ ಆಫೀಸಿನಲ್ಲಿ ಡೇರಿಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ. ಕೋಡ್ ಬರೆಯುವ ಎಐ ಏಜೆಂಟ್‌ಗಳು ಬಂದ ಮೇಲೆ ಒಟ್ಟಿಗೇ ನಾಲ್ಕೈದನ್ನು ಕೆಲಸಕ್ಕೆ ಬಿಡುತ್ತಿದ್ದೆವು. ಒಂದರ ಕೆಲಸ ಇನ್ನೊಂದರಲ್ಲಿ ಬೆರೆಯದಿರಲು ಪ್ರತಿಯೊಂದಕ್ಕೂ ಕೋಡಿನ ಬೇರೆ ಪ್ರತಿ ಕೊಡಬೇಕೆಂದವಳು ನೀನು. ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ನಿನ್ನ ತಾತ ತಮ್ಮ ನಂಬರಿನ ಬಿಲ್ಲೆ ತೆಗೆದುಕೊಂಡು ಕೆಳಗೆ ಇಳಿಯುತ್ತಿದ್ದರಂತೆ. ಬಿಲ್ಲೆ ವಾಪಸ್ ಬರುವವರೆಗೆ ಆಳು ಒಳಗಿದ್ದಾನೆ ಎಂದರ್ಥ. ಅದೇ ಲೆಕ್ಕದಲ್ಲಿ ನೀನು ಗೋಡೆಗೆ ಮೊಳೆ ಹೊಡೆದು, ಸೋಡಾ ಮುಚ್ಚಳಗಳಿಗೆ ತೂತು ಕೊರೆದೆ — ಯಾವ ಪ್ರತಿಯೊಳಗೆ ಏಜೆಂಟ್ ಇದೆಯೋ ಆ ಮೊಳೆಗೊಂದು ಮುಚ್ಚಳ.

"ನಿಮ್ಮ ಅಡುಗೆಮನೆ ಥರಾನೇ ಅಕ್ಕಾ. ಇಬ್ರೂ ಉಪ್ಪಾಕಿದ್ರೆ ಸಾರು ಕೆಟ್ಟಂಗೆ" ಎಂದು ನಕ್ಕಿದ್ದೆಯಲ್ಲ.

ಆ ಮಧ್ಯಾಹ್ನ ನಿನ್ನ ಏಜೆಂಟ್ ರಸೀದಿಯ ಅಕ್ಷರ ದೊಡ್ಡದು ಮಾಡುತ್ತಿತ್ತು. ಆ ಪ್ರತಿಯ ಮೊಳೆಗೆ ಮುಚ್ಚಳ ತೂಗುತ್ತಿತ್ತು — ನಾನು ನೋಡಿದೆ. ಹೊಸ ಪ್ರತಿ ಮಾಡಲು ಬೇಸರ; ಬಂಗಾರಪೇಟೆ ಬಸ್ಸು ತಪ್ಪುತ್ತದೆಂಬ ಅವಸರ. ಹಾಲು ಹಸುವಿನದೋ ಎಮ್ಮೆಯದೋ ಎಂದು ದಾಖಲಿಸುವ ಭಾಗ ತಿದ್ದಬೇಕಿದ್ದ ನನ್ನ ಏಜೆಂಟನ್ನೂ ನಿನ್ನ ಆ ಪ್ರತಿಯೊಳಕ್ಕೇ ಬಿಟ್ಟೆ. ಅದು ಅರ್ಧ ತಿದ್ದುವಷ್ಟರಲ್ಲಿ ನಿನ್ನದು ಕೆಲಸ ಮುಗಿಸಿ, ನನ್ನ ಅರೆಬರೆಯನ್ನೂ ಬಾಚಿಕೊಂಡು ನಿನ್ನ ಹೆಸರಿನಲ್ಲೇ ಸೇವ್ ಮಾಡಿತು. ನೀನು ರಸೀದಿ ಸರಿಯಿದೆಯೆಂದು ನೋಡಿ ಡೇರಿಗೆ ಕಳಿಸಿಬಿಟ್ಟೆ.

ಬೆಳಿಗ್ಗೆ ಡೇರಿಯ ಕಾರ್ಯದರ್ಶಿಯ ಫೋನು: "ಏನಮ್ಮಾ, ನಮ್ಮೂರ ಎಮ್ಮೆಗಳೆಲ್ಲ ಎಲ್ಲಿಗೋದ್ವು?" ಮಾಲೀಕರು ಕೋಡ್ ತೆಗೆದು ನೋಡಿದರೆ ಅಲ್ಲಿದ್ದದ್ದು ನಿನ್ನ ಹೆಸರು. ನೀನು ನನ್ನ ಕಡೆ ತಿರುಗಿದೆ.

"ಅಕ್ಕಾ, ನೀವೇನಾದ್ರೂ ನನ್ ಪ್ರತಿಯೊಳಗೆ ನಿಮ್ ಏಜೆಂಟ್ ಬಿಟ್ಟಿದ್ರಾ?"

"ಇಲ್ಲಮ್ಮ."

ನೀನು ನಂಬಿದೆ. ಇನ್ನು ಬರಬೇಡವೆಂದು ಮಾಲೀಕರು ನಿನಗೆ ಹೇಳುವಾಗ ನಾನು ತೊಳೆದ ಟಿಫಿನ್ ಡಬ್ಬಿಯನ್ನೇ ಮತ್ತೆ ತೊಳೆಯುತ್ತಿದ್ದೆ. ಒಂದು ಮಾತು ಸಾಕಿತ್ತು —

ನೀನೀಗ ಬಂಗಾರಪೇಟೆಯ ಜೆರಾಕ್ಸ್ ಅಂಗಡಿಯಲ್ಲಿದ್ದೀಯ. ಆ ಬೀದಿ ತಪ್ಪಿಸಿ, ಮಾರ್ಕೆಟ್ ಸುತ್ತಿಕೊಂಡು ಮನೆಗೆ ಹೋಗುತ್ತಾ ಬಂದಿದ್ದೇನೆ. ಮೊನ್ನೆ ನಿಮ್ಮಮ್ಮ ಬಸ್ಸಿನಲ್ಲಿ ಸಿಕ್ಕಿದ್ದರು. "ನಂಗೆ ಆ ಕೆಲಸಕ್ಕೆ ಬೇಕಾದಷ್ಟು ಗಮನ ಇಲ್ಲಮ್ಮಾ ಅಂತಾಳೆ, ಕಂಪ್ಯೂಟರ್ ಮುಟ್ಟಲ್ಲ" ಎಂದರು. ಕೆಲಸ ಹೋದದ್ದಷ್ಟೇ ಎಂದುಕೊಂಡಿದ್ದೆ. ನಿನಗೆ ನಿನ್ನ ಮೇಲಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆ.

ಇವತ್ತು ಮಾಲೀಕರಿಗೆ ಎಲ್ಲ ಹೇಳಿದೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಆ ಮುಚ್ಚಳ ಇನ್ನೂ ಮೊಳೆಗೆ ತೂಗುತ್ತಿದೆ. ಸಂಜೆ ಬಸ್ಸಿಳಿದು ಮಾರ್ಕೆಟ್ ಕಡೆ ತಿರುಗುವುದಿಲ್ಲ — ನೇರ ನಿನ್ನ ಅಂಗಡಿಗೇ ಬರುತ್ತೇನೆ.