ಕಡವಿನ ಕಲ್ಲು, ಸರ್ಕಾರದ ಫಲಕ

ನನಗೆ ಸಿಟ್ಟು ಬೇಗ ಬರುತ್ತದೆಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮಕ್ತಲದ ಹತ್ತಿರ ಕೃಷ್ಣೆಯ ದಂಡೆಯಲ್ಲಿ ನಿಲ್ಲಿಸಿದ ಆ ಫಲಕವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಸೇತುವೆ ಆಗುವ ಮೊದಲು ನಮ್ಮ ಕಡೆಯವರು ರಾಯಚೂರಿಗೆ ಹೋಗುತ್ತಿದ್ದುದು ಅಲ್ಲಿಯ ಕಡವಿನಿಂದಲೇ, ಹರಿಗೋಲಿನಲ್ಲಿ ಹೊಳೆ ದಾಟಿ. ಹುಟ್ಟು ಹಾಕುತ್ತಿದ್ದವನು ನನ್ನ ಸೋದರತ್ತೆಯ ಗಂಡ. ದಾಟಿಸಿದ್ದಕ್ಕೆ ಅವನು ಯಾರ ಮುಂದೆಯೂ ಕೈಚಾಚುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮೊರದ ತುಂಬ ಜೋಳ ಕೊಡುತ್ತಿದ್ದರು. ದಂಡೆಯಲ್ಲಿ ನೆಟ್ಟಿದ್ದ ಒಂದು ಕಲ್ಲಿಗೆ ಹರಿಗೋಲಿನ ಹಗ್ಗ ಬಿಗಿಯುತ್ತಿದ್ದ. ಹಗ್ಗ ತಿಕ್ಕಿ ತಿಕ್ಕಿ ಕಲ್ಲಿನ ನಡುವೆ ಬೆರಳು ಇಳಿಯುವಷ್ಟು ಗೀರು ಬಿದ್ದಿತ್ತು. ಹೊಸ ನೀರು ಬಂದಾಗ ಅಂಬಿಗನ ಹೆಂಡತಿ ಆ ಕಲ್ಲಿಗೆ ಕಾಯಿ ಒಡೆಯದೆ ಹರಿಗೋಲು ನೀರಿಗೆ ಇಳಿಯುತ್ತಿರಲಿಲ್ಲ. ಸೇತುವೆ ಬಂತು, ಹರಿಗೋಲು ಹೋಯಿತು, ಮಾವನೂ ಹೋದ. ಅತ್ತೆ ಮಾತ್ರ ಕಾಯಿ ಒಡೆಯುವುದನ್ನು ಬಿಡಲಿಲ್ಲ. "ಅವ್ರ ಕೈಯಿನ ಗುರ್ತು ಅಂತ ನನಗ ಇನ್ನೇನೈತಿ? ಒಂದು ಫೋಟೋ ಸುದ್ದಾ ಇಲ್ಲ" ಎನ್ನುತ್ತಿದ್ದಳು.

ಹೋದ ಮಳೆಗಾಲ, ಹಳೆಯ ಕಡವಿನ ನೆನಪಿಗೆ ಸರ್ಕಾರದವರು ಫಲಕ ಹಾಕುತ್ತಾರೆ, ಅತ್ತೆಗೆ ಶಾಲು ಹೊದಿಸುತ್ತಾರೆ ಎಂದು ಸುದ್ದಿ ಬಂತು. ಹೊಸ ನೀರೂ ಬಂದಿತ್ತು. ಅತ್ತೆ ಹಿಗ್ಗಿ, ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಜೊತೆ ಹೊರಟಳು.

ದಂಡೆಯಲ್ಲಿ ಶಾಮಿಯಾನ, ಮೈಕು, ಸಿಮೆಂಟಿನ ಕಟ್ಟೆ, ಅದರ ಮೇಲೆ ಫಳಫಳ ಹೊಳೆಯುವ ಫಲಕ. ಉದ್ಘಾಟಿಸುವವರ ಹೆಸರು ದಪ್ಪ ಅಕ್ಷರದಲ್ಲಿ. ಹರಿಗೋಲಿಗೆ ಒಂದೇ ಸಾಲು. ಕಲ್ಲು ಮಾತ್ರ ಕಾಣಲಿಲ್ಲ. ಅತ್ತೆ ಆಚೀಚೆ ಹುಡುಕಿದಳು. ಕೊನೆಗೆ ನಾನು ಗುತ್ತೇದಾರನನ್ನು ಕೇಳಿದೆ.

"ಆ ಕಲ್ಲೇನ್ರೀ? ಒಡೆಸಿ ಬುನಾದಿಗೆ ಹಾಕೀವಿ. ಭಾಳ ಗಟ್ಟಿ ಕಲ್ರೀ, ಕಟ್ಟಿ ಅಳ್ಳಾಡಂಗಿಲ್ಲ" ಎಂದ, ನಾನು ಶಹಬ್ಬಾಸ್ ಅನ್ನುತ್ತೇನೆಂಬಂತೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರಲ್ಲ, ಇವರು ಅದಕ್ಕೂ ಮೀರಿದವರು! "ಥೂ! ನೆನಪು ಉಳಸಾಕ ಬಂದೋರು, ಇದ್ದದ್ದೊಂದು ಗುರ್ತೂ ಒಡದ್ರಲ್ರೋ! ಒಂದು ಮಾತು ಕೇಳಾಕ ಬಾಯಿ ಇರಲಿಲ್ಲೇನು?" ಎಂದು ಕೂಗಾಡಿದೆ. ಮೈಕು ನಿಂತಿತು. ಅತ್ತೆ ಹಗ್ಗದ ಗೀರಿನ ಮಾತು ಹೇಳಿ ಬಿಕ್ಕಿದಳು. ಜಿಲ್ಲೆಯಿಂದ ಬಂದಿದ್ದ ಸಾಹೇಬರು ಓಡಿಬಂದರು.

"ಅಷ್ಟೇನಾ ಅಮ್ಮಾ? ಬ್ಯಾರೆ ಕಲ್ಲು ತರಸ್ತೀವಿ. ಮಿಷನ್ ಹಚ್ಚಿ ಅಂಥದ್ದೇ ಗೀರು ಹಾಕಸ್ತೀವಿ."

ಮಿಷನ್ನಂತೆ, ಮಿಷನ್ನು! ಅತ್ತೆ ಅವರ ಶಾಲಿನ ಕಡೆ ನೋಡದೆ ತಿರುಗಿ ನಡೆದಳು. ದಾರಿಯುದ್ದಕ್ಕೂ ನಾನು ಬೈಯುತ್ತಲೇ ಇದ್ದೆ. ಸೆರಗಿನ ಕಾಯಿ ಒಡೆಯದೆ ಹಾಗೇ ಮನೆಗೆ ಬಂತು.

ಈ ವರ್ಷ ಮತ್ತೆ ಹೊಸ ನೀರು ಬಂದಾಗ ನಾನೇ ಕಾಯಿ ತಂದು, "ನಡಿ ಅತ್ತಿ, ದಂಡಿಗೆ ಹೋಗಿ ಬರೂಣು" ಎಂದೆ.

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಅಲ್ಲಿ ಈಗ ಯಾರದಾರ?" ಎಂದಳು.